ಒಂಬತ್ತನೇ ಸಾಲಿನ ಖಾಲಿ ಜಾಗ

ಬದುಕಿರುವವರ ಹೆಸರು ಮರೆಯುವುದು ನನ್ನ ಹಳೆಯ ರೋಗ. ನಮ್ಮ ವಠಾರದ ಎದುರು ಮನೆಯ ಹೆಂಗಸಿನ ಜೊತೆ ಆರು ವರ್ಷದಿಂದ ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದೇನೆ. ಇವತ್ತಿಗೂ ಅವರನ್ನು "ರೀ, ಇವರೇ" ಎಂದೇ ಕೂಗುವುದು. ನಾದಿನಿಯ ಮಕ್ಕಳಿಬ್ಬರ ಹೆಸರನ್ನು ಅದಲುಬದಲು ಮಾಡಿ ಕರೆದು, ಹುಟ್ಟುಹಬ್ಬದ ದಿನವೇ ಇಬ್ಬರನ್ನೂ ಅಳಿಸಿದ ಕೀರ್ತಿ ನನ್ನದು. ಆದರೆ ಆರನೇ ಸಾಲಿನ ಮೂರನೇ ಜಾಗದಲ್ಲಿ ಯಾರಿದ್ದಾರೆ ಎಂದು ಕೇಳಿ ನೋಡಿ. ಸೈನ್ಯದ ಪಟಾಲಮ್ಮಿನಲ್ಲಿ ಡೋಲು ಬಾರಿಸುತ್ತಿದ್ದ ಜಾನ್, ಹತ್ತೊಂಬತ್ತು ವರ್ಷ, ಜ್ವರ. ಏಳನೇ ಸಾಲಿನ ಕೊನೆಗೆ? ವಿಲಿಯಂ, ಅಡುಗೆಯವ, ಮೂವತ್ತು ವರ್ಷ, ಬಿಸಿಲು ಬಡಿದು. ಥಟ್ಟನೆ ಹೇಳುತ್ತೇನೆ. ನಮ್ಮ ಅತ್ತೆ ಇದನ್ನು ಕಂಡು ಹಣೆ ಚಚ್ಚಿಕೊಂಡರು: "ಇದ್ದೋರ ಹೆಸರು ಇಕಿಗಿ ನೆಪ್ಪಿರಂಗಿಲ್ಲ, ಸತ್ತೋರ ಕುಂಡಲಿ ಬಾಯಿಪಾಠ ಆಗ್ಯಾದ!"

ಇದೆಲ್ಲ ನನ್ನ ಕೆಲಸದ ಮಹಿಮೆ. ಸೇಡಂನಿಂದ ಬಂದು ಹಲಸೂರಿನ ವಠಾರದಲ್ಲಿ ಬಾಡಿಗೆಗಿರುವ ನಮ್ಮ ಮನೆಯಲ್ಲಿ ಮೂರೇ ಜನ: ಲಗೇಜ್ ಆಟೋ ಓಡಿಸುವ ನಮ್ಮ ಯಜಮಾನರು, ಅತ್ತೆ, ನಾನು. ನಾನು ಜೆರಾಕ್ಸ್ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದವಳು. ಅಲ್ಲಿಗೆ ಒಮ್ಮೆ ಥಾಮಸ್ ಸರ್ ಬಂದರು. ಕುಕ್ ಟೌನಿನವರು, ಚರಿತ್ರೆಯ ಮೇಷ್ಟರಾಗಿ ನಿವೃತ್ತರಾದವರು. ಕಂಟೋನ್ಮೆಂಟಿನ ಹಳೆಯ ಸೈನಿಕರ ಸ್ಮಶಾನದ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಒಂದೊಂದು ಗೋರಿಯನ್ನೂ ನಕ್ಷೆಯಲ್ಲಿ ಗುರುತು ಮಾಡುವ ಕೆಲಸವನ್ನು ಅವರ ಸಣ್ಣ ಸಮಿತಿ ಹೊತ್ತುಕೊಂಡಿತ್ತು. "ಭಯ ಗಿಯ ಏನೂ ಇಲ್ಲ ತಾನೇ?" ಎಂದು ಕೇಳಿದರು. "ಛೇ, ಎಲ್ಲಾದರೂ ಉಂಟಾ ಸರ್" ಎಂದೆ. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ಹೆಂಗಸು ನಾನು. ಮನೆಯಲ್ಲಿ "ಮಿಲಿಟರಿಯವರ ರೆಕಾರ್ಡ್ ಕೆಲಸ" ಎಂದಷ್ಟೇ ಹೇಳಿದೆ. ಸುಳ್ಳಲ್ಲವಲ್ಲ. ಅತ್ತೆ ಸೇಡಂಗೆ ಫೋನು ಹಚ್ಚಿ "ನಮ್ಮ ಸ್ವಸಿ ಮಿಲ್ಟ್ರಿ ಸೇರ್ಯಾಳ" ಎಂದು ಊರಿಗೆಲ್ಲ ಸಾರಿದರು. ನಾಲ್ಕನೇ ದಿನ ನಿಜ ತಿಳಿಯಿತು. ಅವತ್ತಿನಿಂದ ಬಾಗಿಲಲ್ಲೇ ಒಂದು ಕೊಡ ನೀರು ಕಾದಿರುತ್ತಿತ್ತು. ಕಾಲು ತೊಳೆದಲ್ಲದೆ ಒಳಗೆ ಪ್ರವೇಶವಿಲ್ಲ.

ಆ ಜಾಗ ಹೇಗಿದೆ ಎಂದರೆ, ಗೇಟು ದಾಟಿ ಹತ್ತು ಹೆಜ್ಜೆ ಹಾಕಿದರೆ ಸಾಕು, ರಸ್ತೆಯ ಹಾರ್ನ್ ಸದ್ದೆಲ್ಲ ಯಾರೋ ಕೈಯಿಂದ ಮುಚ್ಚಿದ ಹಾಗೆ ನಿಂತುಬಿಡುತ್ತದೆ. ಮಟಮಟ ಮಧ್ಯಾಹ್ನ. ಮೇಲೆ ದೊಡ್ಡ ದೊಡ್ಡ ಮಳೆಮರಗಳು, ಕೆಳಗೆ ಸಾಲು ಸಾಲು ಕಲ್ಲು. ನಮ್ಮ ಉಸಿರಾಟ ನಮಗೇ ಪಕ್ಕದವರದು ಅನ್ನಿಸುತ್ತದೆ. ಬೆಳಿಗ್ಗೆ ಗೇಟಿನ ಪಕ್ಕದ ಕೋಣೆಯಲ್ಲಿ ಕೂತು, ಚಹಾ ಚೆಲ್ಲಿದಂಥ ಬಣ್ಣದ ಹಾಳೆಗಳಿಂದ ಹೆಸರು, ವಯಸ್ಸು, ಪಟಾಲಮ್ಮು, ಸತ್ತ ಕಾರಣ, ಸಾಲು, ಜಾಗ ಎಲ್ಲ ಟೈಪು ಮಾಡುವುದು. ಊಟವಾದ ಮೇಲೆ ಫೋನು ಹಿಡಿದು ಒಂದೊಂದು ಕಲ್ಲಿನ ಮುಂದೆಯೂ ನಿಂತು ನಕ್ಷೆಯಲ್ಲಿ ಚುಕ್ಕಿ ಇಡುವುದು. ಥಾಮಸ್ ಸರ್‌ಗೆ ಕನ್ನಡದಲ್ಲೂ ಹೆಸರುಗಳು ಬೇಕಿದ್ದವು. ಬಿಸಿಲಲ್ಲಿ ಅಕ್ಷರ ಒತ್ತುತ್ತ ನಿಲ್ಲುವುದು ಯಾರಿಗೆ ಬೇಕು? ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಹಾಗಾಗಿ ನಾನು ಹಾಜರಿ ಕರೆಯುವ ಟೀಚರಿನ ಹಾಗೆ ಗಟ್ಟಿಯಾಗಿ ಕೂಗುತ್ತ ಹೋದೆ: "ಜಾನ್! ವಿಲಿಯಂ! ಹೆನ್ರಿ!"

ಹಿಂದಿನಿಂದ ಸೆಲ್ವಕ್ಕ ಓಡಿ ಬಂದರು. ಸೆಲ್ವಕ್ಕ ಅಲ್ಲಿನ ಕಾವಲುಗಾರ್ತಿ. ಅವರ ಅಜ್ಜಿಯ ಕಾಲದಿಂದಲೂ ಆ ಗೇಟಿನ ಬೀಗದ ಕೈ ಅವರ ಮನೆಯದೇ. ಅರವತ್ತು ದಾಟಿದ ಹೆಂಗಸು, ಅರ್ಧ ತಮಿಳು ಅರ್ಧ ಕನ್ನಡ, ಎಲ್ಲರನ್ನೂ ಮುದ್ದಿಗೆ 'ಕಣ್ಣು' ಎನ್ನುವವರು. "ಅಯ್ಯಯ್ಯೋ, ಹಂಗೆಲ್ಲ ಹೆಸರಿಡ್ದು ಕೂಗ್ಬೇಡ ಕಣ್ಣು" ಎಂದರು.

"ಯಾಕಕ್ಕ? ಯಾರು ಕೇಳಿಸ್ಕೋತಾರೆ?"

"ಕೇಳಿಸ್ಕೊಂಡ್ರೆ? 'ಏನು ಕರೆದ್ರಲ್ಲ' ಅಂತ ಕೇಳಿದ್ರೆ ಏನ್ ಹೇಳ್ತೀಯ?"

ಅಂದಿನಿಂದ ಫೋನನ್ನು ಬಾಯಿಗೆ ಒತ್ತಿ ಪಿಸುಗುಡಲು ಶುರು ಮಾಡಿದೆ. ಸ್ಮಶಾನದ ನಡುವೆ ಒಂಟಿ ಹೆಂಗಸು ಕಲ್ಲಿನೆದುರು ಪಿಸುಗುಡುವುದನ್ನು ಗೋಡೆಯಾಚೆಯ ಬಸ್ ಸ್ಟಾಪಿನವರು ನೋಡಿದ್ದರೆ, ಅವರ ಪಾಲಿನ ದೆವ್ವ ನಾನೇ ಆಗಿರುತ್ತಿದ್ದೆ.

ಹೀಗೇ ಒಂಬತ್ತನೇ ಸಾಲಿಗೆ ಬಂದೆ. ಹದಿಮೂರನೇ ಜಾಗದಲ್ಲಿ ಕಲ್ಲಿತ್ತು, ಹದಿನೈದರಲ್ಲೂ ಇತ್ತು. ನಡುವೆ ಒಂದಾಳುದ್ದ ಬರೀ ಹುಲ್ಲು. ರಿಜಿಸ್ಟರಿನಲ್ಲಿ ಮಾತ್ರ ಹದಿನಾಲ್ಕರ ಮುಂದೆ ಸ್ಪಷ್ಟವಾಗಿ ಬರೆದಿತ್ತು: ಎಲೈಜಾ, ಸಾರ್ಜೆಂಟನ ಹೆಂಡತಿ, ಇಪ್ಪತ್ತಾರು ವರ್ಷ. ಕಾರಣದ ಜಾಗದಲ್ಲಿ ಏನೂ ಇಲ್ಲ. ನಾನು ಹುಲ್ಲಿನ ಮುಂದೆ ನಿಂತು ಫೋನಿಗೆ "ಎಲೈಜಾ" ಎಂದೆ. ತೆರೆಯ ಮೇಲೆ ಮೂಡಿತು: "ಎಲ್ಲಿ ಜಾಗ".

ಅಳಿಸಿದೆ. ಇನ್ನೊಂದು ಸಲ, ಬಿಡಿಸಿ ಬಿಡಿಸಿ ಹೇಳಿದೆ. "ಎಲ್ಲಿ ಜಾಗ". ಮೂರನೇ ಸಲಕ್ಕೆ ಫೋನು ಅದೇ ಮಾತನ್ನು ಎರಡು ಸಲ ಬರೆಯಿತು: "ಎಲ್ಲಿ ಜಾಗ ಎಲ್ಲಿ ಜಾಗ". ಕನ್ನಡ ಕಲಿತ ಯಂತ್ರ, ತನಗೆ ಗೊತ್ತಿರುವ ಮಾತನ್ನೇ ಕೇಳಿಸಿಕೊಳ್ಳುತ್ತದೆ, ನನಗೂ ಅಷ್ಟು ತಿಳಿವಳಿಕೆಯಿದೆ. ಆದರೆ ಆ ತಿಳಿವಳಿಕೆ ತಲೆಯಲ್ಲಿತ್ತು. ಕಾಲುಗಳಿಗೆ ಇನ್ನೂ ತಲುಪಿರಲಿಲ್ಲ. ಅವು ಗೇಟಿನ ಕೋಣೆ ಸೇರಿದ ಮೇಲೆಯೇ ನಿಂತದ್ದು.

ಥಾಮಸ್ ಸರ್‌ಗೆ ಫೋನು ಮಾಡಿದೆ. ಕಲ್ಲಿಲ್ಲದ ಜಾಗಗಳನ್ನೆಲ್ಲ "ಖಾಲಿ" ಎಂದು ಗುರುತು ಮಾಡಬೇಕೆಂದು ಅವರು ಮೊದಲೇ ಹೇಳಿದ್ದರು. ನೋಡಲು ಬರುವವರಿಗಾಗಿ ಆ ಖಾಲಿ ಜಾಗಗಳ ಮೇಲೆ ಕಲ್ಲುಹಾಸಿನ ಕಾಲುದಾರಿ ಮಾಡುವುದಿತ್ತು. "ರಿಜಿಸ್ಟರಲ್ಲಿ ನಂಬರ್ ತಪ್ಪಿರ್ಬೇಕು ಶರಣಮ್ಮ. ಖಾಲಿ ಅಂತ ಹಾಕ್ಬಿಡಿ" ಎಂದರು. ಸೆಲ್ವಕ್ಕ ಬಾಗಿಲಿಗೆ ಒರಗಿ ಕೇಳುತ್ತಿದ್ದರು. "ಅದು ಖಾಲಿ ಅಲ್ಲಮ್ಮ. ನಮ್ಮಜ್ಜಿ ಅಲ್ಲಿ ಹುಲ್ಲು ಕುಯ್ಯೋಕ್ ಬಿಡ್ತಿರ್ಲಿಲ್ಲ. ಆಡು ನೋಡ್ದ್ಯಾ?" ಎಂದರು. ಅವರ ಆಡುಗಳು ಸಾಲಿನುದ್ದಕ್ಕೂ ಮೇಯುತ್ತ ಬರುತ್ತಿದ್ದವು. ಹದಿಮೂರರ ಕಲ್ಲಿನ ಬಳಿ ಬಂದವು, ತಲೆಯೆತ್ತಿದವು, ಆ ಹಸಿರು ಹುಲ್ಲನ್ನು ಬಿಟ್ಟು ಸುತ್ತು ಹಾಕಿ ಹದಿನೈದಕ್ಕೆ ಹೋದವು. ಒಂದಲ್ಲ, ಐದೂ. "ಖಾಲಿ" ಎಂಬ ಎರಡಕ್ಷರ ಒತ್ತಲು ನನ್ನ ಬೆರಳು ಬರಲಿಲ್ಲ. ನಾಳೆ ನೋಡೋಣ ಎಂದು ಮನೆಗೆ ಬಂದೆ. ಭಯಸ್ಥರಿಗೆ "ನಾಳೆ"ಗಿಂತ ದೊಡ್ಡ ದೇವರಿಲ್ಲ.

ಆ ನಾಳೆ ಭಾನುವಾರವಾಗಿತ್ತು. ವಠಾರದ ಹಿಂದೆ, ಎರಡು ಇಟ್ಟಿಗೆ ಸಾಲಿನ ಮೇಲೆ ಮಲಗಿಸಿದ ಬಟ್ಟೆ ಒಗೆಯುವ ಕಲ್ಲೊಂದಿತ್ತು. ನುಣುಪಾದ, ಉದ್ದನೆಯ, ಚಂದದ ಕಲ್ಲು. ಏಪ್ರಿಲ್ ಬಿಸಿಲಲ್ಲೂ ಅದು ಒಣಗಿದ್ದನ್ನು ನಾನು ಕಂಡಿರಲಿಲ್ಲ. ಪಕ್ಕದ ಮೋರಿಯ ತೇವ ಎಂದುಕೊಂಡಿದ್ದೆ. ಅವತ್ತು ಒಗೆಯುವಾಗ ಕಾಲುಂಗುರ ಜಾರಿ ಕಲ್ಲಿನ ಕೆಳಗೆ ಉರುಳಿತು. ಮಕಾಡೆ ಮಲಗಿ ಇಟ್ಟಿಗೆಗಳ ನಡುವೆ ಕೈ ತೂರಿಸಿ ತಡಕಿದೆ. ಉಂಗುರ ಸಿಗಲಿಲ್ಲ. ಕಲ್ಲಿನ ತಳ ಬೆರಳಿಗೆ ತಾಗಿತು. ಗೀರುಗಳು. ಉಳಿಯ ಗುರುತಿರಬೇಕು ಎಂದುಕೊಂಡೆ. ಬೆರಳು ಹಾಗೇ ಸರಿಯಿತು: ಒಂದು ನೇರ ಗೆರೆ, ಇನ್ನೊಂದು ನೇರ ಗೆರೆ, ಆಮೇಲೆ ಅಡ್ಡ, ಓರೆ, ಮತ್ತೆ ಅಡ್ಡ. ತಿಂಗಳುಗಟ್ಟಲೆ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಿದ ಬೆರಳದು. ಅದಕ್ಕೆ ನನಗಿಂತ ಮೊದಲೇ ತಿಳಿಯಿತು, ಅದು 'ಝಡ್' ಎಂದು.

"ಏನೇ, ಹಾವು ಕಡೀತೇನ?" ನಾನು ಚೀರಿದ್ದು ಕೇಳಿ ಅತ್ತೆ ಒಳಗಿನಿಂದ ಬಂದರು. ನಾನು ಫೋನಿನ ದೀಪ ಹಚ್ಚಿ, ಕೈ ಒಳಗಿಟ್ಟು ಫೋಟೋ ಹೊಡೆದೆ. ಹೊರಗೆ ತೆಗೆದು ನೋಡಿದರೆ, ಪಾಚಿಯ ನಡುವೆ, ಆ ಝಡ್ ಸೇರಿದ ಎಲೈಜಾ ಎಂಬ ಹೆಸರು. ಕೆಳಗೆ ಇಪ್ಪತ್ತಾರು. ಅದರ ಕೆಳಗೆ, ಯಾವ ರಿಜಿಸ್ಟರಿನಲ್ಲೂ ಇಲ್ಲದ ಒಂದು ಸಾಲು: "ಮತ್ತು ಅವಳ ಕೂಸು".

ಅತ್ತೆಗೆ ಓದಿ ಹೇಳಿದೆ. ಅವರು ಕಲ್ಲಿನ ಮೇಲಿದ್ದ ಒದ್ದೆ ಸೀರೆಯನ್ನು ಎರಡೂ ಕೈಯಲ್ಲಿ, ಮಲಗಿದವರ ಮೈಮೇಲಿಂದ ಹೊದಿಕೆ ಸರಿಸುವಷ್ಟು ಮೆಲ್ಲಗೆ ಎತ್ತಿದರು. "ಆರು ವರ್ಸ ಬಾಣಂತಿ ಎದಿ ಮ್ಯಾಲ ಅರಿವಿ ಬಡದೀವಲ್ಲೇ ಯವ್ವಾ" ಎಂದು ಅಲ್ಲೇ ಕುಕ್ಕರಿಸಿ ಕೂತುಬಿಟ್ಟರು. ನನಗೆ ನೆನಪಾದದ್ದು ನಾನು ಬಡಿದ ಕಂಬಳಿಗಳು. ಅದರಲ್ಲೂ ಯಜಮಾನರ ಜೊತೆ ಜಗಳವಾಡಿದ ದಿನ ಅವರ ಖಾಕಿ ಅಂಗಿಯನ್ನು ಬಡಿಯುತ್ತಿದ್ದ ರೀತಿ.

ಕಲ್ಲನ್ನು ಒಯ್ಯೋಣವೆಂದರೆ ಮನೆಯ ಓನರ್ ರಾಜಮ್ಮ ಆಂಟಿ ಅಡ್ಡ ನಿಂತರು. "ನಮ್ಮ ಮಾವನ ಕಾಲದ ಕಲ್ಲು ಅದು. ಅವ್ರು ಎಲ್ಲಿಂದ ತಂದ್ರೋ ಏನೋ, ನಂಗೊತ್ತಿಲ್ಲ. ಈಗ ಅಂಥ ಕಲ್ಲು ಎಲ್ಲಿ ಸಿಗುತ್ತೆ? ಆಗಲ್ಲಮ್ಮ." ನಾನು ವಾದ ಮಾಡುವವಳಲ್ಲ. ಫೋಟೋ ತೋರಿಸಿದೆ. ಆಂಟಿ ಕನ್ನಡಕ ಏರಿಸಿ ಓದಿದರು. ಇನ್ನೊಂದು ಸಲ ಓದಿದರು. ಆ ಹಿತ್ತಲಿಗೆ ತೆರೆದುಕೊಳ್ಳುವ ತಮ್ಮ ಅಡುಗೆಮನೆಯ ಕಿಟಕಿಯತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಮಧ್ಯಾಹ್ನ ಹೊತ್ತು ನೀವೇನಾದ್ರೂ ಬಟ್ಟೆ ಒಗೀತೀರಾ?"

"ಇಲ್ಲ ಆಂಟಿ. ಮಧ್ಯಾಹ್ನ ನಾನು ಕೆಲಸದಲ್ಲಿರ್ತೀನಿ, ಅತ್ತೆ ಮಲಗಿರ್ತಾರೆ."

"ಮತ್ತೆ ಆ ಸದ್ದು…" ಎಂದವರು ಫೋನನ್ನು ನನ್ನ ಕೈಗೆ ತುರುಕಿದರು. "ಇವತ್ತೇ ತಗೊಂಡ್ಹೋಗಿ. ಈಗ್ಲೇ ಹೋಗಿ" ಎಂದು ಬಾಗಿಲು ಹಾಕಿಕೊಂಡರು. ಯಾವ ಸದ್ದು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ಗೊತ್ತಿಲ್ಲದಿರುವುದರಲ್ಲಿ ಒಂದು ಸುಖವಿದೆ. ಅದನ್ನು ಕಳೆದುಕೊಳ್ಳುವಷ್ಟು ದಡ್ಡಿ ನಾನಲ್ಲ.

ಯಜಮಾನರು ಮತ್ತು ವಠಾರದ ನಾಲ್ವರು ಗಂಡಸರು ಸೇರಿ ಕಲ್ಲನ್ನು ಲಗೇಜ್ ಆಟೋಗೆ ಏರಿಸಿದರು. ಕೆರೆಯ ಪಕ್ಕದ ರಸ್ತೆಯಲ್ಲಿ, ಯಾವತ್ತೂ ಹಾರ್ನಿನಿಂದ ಕೈ ತೆಗೆಯದ ನಮ್ಮ ಯಜಮಾನರು ಅವತ್ತು ಒಂದು ಸಲವೂ ಒತ್ತಲಿಲ್ಲ. ಹಂಪು ಬಂದಾಗಲೆಲ್ಲ ಬಸುರಿಯನ್ನು ಕೂರಿಸಿಕೊಂಡವರಂತೆ ನಿಧಾನ ಮಾಡಿದರು. ಹಿಂದೆ ಕಲ್ಲಿನ ಪಕ್ಕ ನಾನೂ ಅತ್ತೆಯೂ ಕೂತಿದ್ದೆವು. ಸ್ಮಶಾನವೆಂದರೆ ಮೂಗು ಮುರಿಯುತ್ತಿದ್ದ ಅತ್ತೆ ತಾವಾಗಿಯೇ ಹೊರಟಿದ್ದರು, ಮಡಿಲಲ್ಲಿ ಒಂದು ಗಂಟು ಬೇರೆ.

ನಾನು ಫೋನು ಮಾಡಿದ್ದಕ್ಕೆ ಬಂದಿದ್ದ ಥಾಮಸ್ ಸರ್ ರಿಜಿಸ್ಟರ್ ಹಿಡಿದು ಹದಿಮೂರಕ್ಕೂ ಹದಿನೈದಕ್ಕೂ ನಡುವೆ ನಿಂತಿದ್ದರು. ಬೈಕಿನಲ್ಲಿ ಹಿಂದೆಯೇ ಬಂದಿದ್ದ ಆ ನಾಲ್ವರೂ ಸೇರಿ ಕಲ್ಲನ್ನು ಇಳಿಸಿ, ಮುಖ ಮೇಲಾಗಿ ಮಲಗಿಸಿದೆವು. ಹುಲ್ಲಿನಡಿ ನೆಲ ಆಗಲೇ ಒಂದು ಕಲ್ಲಿನಷ್ಟು ತಗ್ಗಾಗಿತ್ತು. ಕಲ್ಲು ತನ್ನ ಹಾಸಿಗೆಗೆ ಬಂದಂತೆ ಕೂತಿತು. ಥಾಮಸ್ ಸರ್ ಬಹಳ ಹೊತ್ತು ಓದಿದರು. "ನಾನು ಇವರ ಮೇಲೆ ದಾರಿ ಮಾಡಿಸ್ತಿದ್ದೆ" ಎಂದರು, ನಮಗೆ ಹೇಳಿದ್ದಲ್ಲ. ಟೋಪಿ ತೆಗೆದು ತಮ್ಮ ಪ್ರಾರ್ಥನೆ ಹೇಳಿಕೊಂಡರು. ಅವರದು ಮುಗಿಯುವುದನ್ನೇ ಕಾಯುತ್ತಿದ್ದ ಅತ್ತೆ ಗಂಟು ಬಿಚ್ಚಿದರು: ಅಕ್ಕಿ, ಅರಿಶಿನ ಕೊಂಬು, ಎಲೆ ಅಡಿಕೆ, ಒಣಕೊಬ್ಬರಿ, ಹಸಿರು ಬಳೆ, ಒಂದು ಕುಪ್ಪಸದ ಕಣ. ತವರಿಗೆ ಬಂದ ಮಗಳಿಗೆ ಉಡಿ ತುಂಬುವಂತೆ ಐದು ಸಲ ಅಕ್ಕಿ ಹಾಕಿ, ಕಲ್ಲಿನ ಮೇಲೆ ಕೈಯಾಡಿಸಿದರು. "ತಪ್ಪಾಗ್ಯಾದ ತಾಯಿ, ಗೊತ್ತಿರ್ಲಿಲ್ಲ. ಕೂಸಿನ್ನ ತಗೊಂಡು ಆರಾಮಿರು" ಎಂದರು. ಇಂಗ್ಲಿಷ್ ಸಾರ್ಜೆಂಟನ ಹೆಂಡತಿಗೆ ಸೇಡಂ ಮಾತು ತಿಳಿಯಿತೋ ಇಲ್ಲವೋ. ಆರು ವರ್ಷ ಒಣಗದ ಆ ಕಲ್ಲು ನಾವು ಹೊರಡುವಷ್ಟರಲ್ಲಿ ಬೆಳ್ಳಗೆ ಒಣಗಿತ್ತು. ಸೆಲ್ವಕ್ಕ ಅದನ್ನು ನನಗೆ ಕಣ್ಣಿನಲ್ಲೇ ತೋರಿಸಿದರು. ನಾನು ಹದಿನಾಲ್ಕರ ಮೇಲೆ ಚುಕ್ಕಿ ಇಟ್ಟೆ. ಹೆಸರನ್ನು ಫೋನಿಗೆ ಹೇಳುವ ಧೈರ್ಯವಾಗಲಿಲ್ಲ, ಕೈಯಲ್ಲೇ ಬರೆದೆ. ಕೂಸಿಗೆ ಹೆಸರಿರಲಿಲ್ಲವಾದ್ದರಿಂದ "ಕೂಸು" ಎಂದೇ ಬರೆದೆ.

ಉಳಿದ ಸಾಲುಗಳನ್ನು ಎರಡು ತಿಂಗಳಲ್ಲಿ ಮುಗಿಸಿದೆ. ಭಯ ಹೋಗಿತ್ತು ಎನ್ನಲಾರೆ, ಪರಿಚಯವಾಗಿತ್ತು. ಎಲ್ಲ ಒಪ್ಪಿಸಿ ನಿರಾಳವಾಗಿ ಮನೆಯಲ್ಲಿ ಕೂತಿದ್ದಾಗ ಥಾಮಸ್ ಸರ್ ಫೋನು ಬಂತು.

"ಹನ್ನೊಂದನೇ ಸಾಲಿನ ಕೊನೇಲಿ, ಮರದ ಕೆಳಗೆ ಒಬ್ಬರನ್ನ ಹಾಕಿದ್ದೀರಲ್ಲ, ರಿಜಿಸ್ಟರಲ್ಲಿ ಸಿಗ್ತಾನೇ ಇಲ್ಲ."

"ಹೆಸರೇನು ಸರ್?"

"ಶರಣಮ್ಮ."

"ಹೇಳಿ ಸರ್."

"ಅಲ್ಲಮ್ಮ. ಅದೇ ಹೆಸರು."

ಆದದ್ದಿಷ್ಟೇ. ಮಾಹಿತಿ ತುಂಬಿದವರು ಯಾರು ಎಂಬ ಚೌಕದಲ್ಲಿ ಬರೆಯಬೇಕಾದ ನನ್ನ ಹೆಸರನ್ನು ಕೊನೆಯ ದಿನದ ಅವಸರದಲ್ಲಿ ಮೇಲಿನ, ಸತ್ತವರ ಹೆಸರಿನ ಚೌಕದಲ್ಲಿ ಬರೆದಿದ್ದೆ. ನಾನು ನಿಂತಿದ್ದ ಜಾಗವನ್ನು ಫೋನು ತಾನೇ ತುಂಬಿಕೊಂಡಿತ್ತು. ಒಳ್ಳೆಯ ಜಾಗವೇ, ನೆರಳಿದೆ. ತೆಗೆದುಹಾಕಲು ಹೋದರೆ ಫೋನು ಕೇಳಿತು: "ಈ ವ್ಯಕ್ತಿಯನ್ನು ಅಳಿಸಬೇಕೆ?" ಹೌದು ಎಂದು ಒತ್ತುವಾಗಲೂ ಬೆರಳು ಒಂದು ಗಳಿಗೆ ತಡೆಯಿತು, ಎರಡರಲ್ಲಿ ಯಾವ ಶರಣಮ್ಮ ಅಳಿಯುತ್ತಾಳೋ ಹೇಗೆ ಹೇಳುವುದು? ಒತ್ತಿದ ಮೇಲೆ ಬಂತು: "ಮೇಲಧಿಕಾರಿಯ ಒಪ್ಪಿಗೆಗೆ ಕಳುಹಿಸಲಾಗಿದೆ." ಮೇಲಧಿಕಾರಿಯೆಂದರೆ ಥಾಮಸ್ ಸರ್ರೇ. ನಾನು ಮತ್ತೆ ಫೋನು ಮಾಡುವಷ್ಟರಲ್ಲಿ ಅವರು ಮಗಳ ಊರಿಗೆ ಹೋಗುವ ರೈಲಿನಲ್ಲಿದ್ದರು. "ಕಂಪ್ಯೂಟರ್ ಮನೇಲಿದೆ, ಒಂದು ವಾರ ಬಿಟ್ಟು ಬಂದು ತೆಗೀತೀನಿ. ಅಲ್ಲೀವರೆಗೆ ಇರಲಿ ಬಿಡಿ, ಏನಾಗುತ್ತೆ?" ಎಂದರು.

ಏನಾಗುತ್ತೆ, ಅವರದಲ್ಲವಲ್ಲ ಹೆಸರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಸತ್ತ ಕಾರಣದ ಚೌಕವೊಂದು ನನ್ನ ಹೆಸರಿನ ಮುಂದೆ ಇನ್ನೂ ಖಾಲಿ ಇತ್ತು. ಅದನ್ನು ನಾನೇ ಹೋಗಿ ತುಂಬಿಬಿಡಬಾರದೆಂದು ಆ ವಾರವೆಲ್ಲ ಬಿಸಿಲಿಗೆ ಕೊಡೆ ಹಿಡಿದೆ, ಕಾಯಿಸಿ ಆರಿಸಿದ ನೀರೇ ಕುಡಿದೆ, ಮೆಟ್ರೋ ಸ್ಟೇಷನ್ನಿನ ಮುಂದೆ ಎರಡೂ ಕಡೆ ಮೂರು ಮೂರು ಸಲ ನೋಡಿ, ಅಪರಿಚಿತರ ಕೈ ಹಿಡಿದುಕೊಂಡು ರಸ್ತೆ ದಾಟಿದೆ.