ಕಂಪ್ರೆಸರ್‌ಗೆ ಹಚ್ಚಿದ ಕುಂಕುಮ

ಮಿಕ್ಸರ್ ಆಗಲಿ ಸೊಸೆಯಾಗಲಿ, ಮನೆಗೆ ಹೊಸದಾಗಿ ಬಂದದ್ದು ಚನ್ನವೀರಮ್ಮನವರ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳದೆ ಕೆಲಸ ಶುರು ಮಾಡುವ ಹಾಗಿರಲಿಲ್ಲ. ಹೀಗಾಗಿ ಮಗ ಪರಮೇಶ ತನ್ನ ಹಳೆಯ ಕಾರಿಗೆ ಬೇರೆ ಎ.ಸಿ. ಕಂಪ್ರೆಸರ್ ಕೂಡಿಸಿದ ಮರುದಿನ ಬೆಳಿಗ್ಗೆ ಅವರು ಬಾನೆಟ್ ತೆಗೆಸಿದರು. ಕಂಪ್ರೆಸರಿನ ದುಂಡನೆಯ ಮುಖಕ್ಕೆ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ಒಣ ಕುಂಕುಮ ಗಾಳಿಗೆ ಹಾರಿಹೋದೀತೆಂದು ಅದನ್ನು ಎಣ್ಣೆಯಲ್ಲಿ ಕಲಸಿದ್ದರು. ದೇವರ ಕೆಲಸದಲ್ಲಿ ಕೈ ಬಿಗಿ ಹಿಡಿಯುವವರಲ್ಲ. ಎಣ್ಣೆ ಧಾರಾಳವಾಗಿಯೇ ಇತ್ತು.

ಕಾರು ಪರಮೇಶನ ತಂದೆಯದು. ನಾರಾಯಣಪೇಟೆಯಲ್ಲಿ ಪರಮೇಶನ ಸೀರೆ ಅಂಗಡಿಗಿಂತ ಆ ಕಾರೇ ಹೆಚ್ಚು ಜನರಿಗೆ ಗೊತ್ತು, ಅವರಲ್ಲಿ ಬಹಳಷ್ಟು ಜನ ಅದನ್ನು ಒಮ್ಮೆಯಾದರೂ ತಳ್ಳಿದವರು. ಆದರೆ ತೀರಿಕೊಂಡ ಅಪ್ಪನ ಪಕ್ಕದಲ್ಲಿ ಕೂತ ಹಾಗೆ ಪರಮೇಶನಿಗೆ ಅನ್ನಿಸುತ್ತಿದ್ದುದು ಆ ಸ್ಟೀರಿಂಗಿನ ಹಿಂದೆ ಕೂತಾಗ ಮಾತ್ರ. ಹೆಂಡತಿ ಬಸವೇಶ್ವರಿಗೆ ಅಂಥ ಮೋಹವೇನೂ ಇರಲಿಲ್ಲ. ಹಳೆಯ ಕಾರು ಕೂಡಿಡುವ ಶೋಕಿಯ ರಾಯಚೂರಿನವನೊಬ್ಬ ಅದನ್ನು ಕೊಳ್ಳಲು ಕೇಳುತ್ತಲೇ ಇದ್ದ. ಅವತ್ತು ಗದ್ವಾಲದಲ್ಲಿ ಅವಳ ತಂಗಿ ಗಂಗಾಂಬಿಕಾಳ ನಿಶ್ಚಯ. ಮೇ ತಿಂಗಳ ಬಿಸಿಲು, ಮೈಮೇಲೆ ರೇಷ್ಮೆ.

"ಹೋಗಿ ಬರೂತನ ತಂಪಿದ್ರ ಕಾರು ಮನ್ಯಾಗಿರಲಿ. ಇಲ್ಲಂದ್ರ ರಾಯಚೂರಿನವಂಗ ನಾನೇ ಫೋನ್ ಮಾಡ್ತೀನ್ರಿ" ಎಂದಳು.

ಪರಮೇಶ ಒಪ್ಪಿ ಎ.ಸಿ. ಸ್ವಿಚ್ ಒತ್ತಿದ. ಬಾನೆಟ್ಟಿನೊಳಗಿಂದ ಹಂದಿ ಹಿಡಿದಂಥ ಕಿರುಚಾಟ ಎದ್ದಿತು. ಬಂದ ಗಾಳಿ ಒಲೆಯ ಬಾಯಿಯದು. ಪಕ್ಕದ ಮನೆಯ ಜಂಬಪ್ಪ ಹಿಂದೊಮ್ಮೆ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಿದ್ದವನು. ಯಾವ ಯಂತ್ರ ಕೆಟ್ಟರೂ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎನ್ನುವುದು ಅವನ ನಂಬಿಕೆ. ಯಾರೂ ಕೇಳದಿದ್ದರೂ ಒಂದು ಕೊಡ ನೀರು ತಂದು ಕಂಪ್ರೆಸರಿನ ಮೇಲೆ ಸುರಿದ. ನೀರಿಗೂ ಎಣ್ಣೆಗೂ ಹೇಗೂ ಆಗಿಬರುವುದಿಲ್ಲ. ಕುಂಕುಮ ಮಿಸುಕಲಿಲ್ಲ, ಪರಮೇಶನ ಬಿಳಿ ಧೋತರ ಮಾತ್ರ ಒದ್ದೆಯಾಯಿತು. ಓಡುತ್ತ ಓಡುತ್ತ ತಣ್ಣಗಾಗುತ್ತದೆ ಎಂದು ಹೆಂಡತಿಗೆ ಹೇಳಿ, ತಾಯಿಯನ್ನು ಹಿಂದೆ ಕೂರಿಸಿಕೊಂಡು ಅವನು ಹೊರಟ.

ಓಡುತ್ತ ಓಡುತ್ತ ಇನ್ನಷ್ಟು ಬಿಸಿಯಾಯಿತು. ಮಕ್ತಲ್ ಬರುವ ಹೊತ್ತಿಗೆ ಬಸವೇಶ್ವರಿಯ ಹಣೆಯ ಮೇಲೆ ಹನಿ ಮೂಡಿತ್ತು. ಈ ಊರು ದಾಟುವವರೆಗೆ ನೋಡುತ್ತೇನೆ, ಆಮೇಲೆ ಫೋನು ಎಂದಳು.

ಮಕ್ತಲ್‌ನ ಮೆಕ್ಯಾನಿಕ್ ಸಾಯಿಕುಮಾರ್ ಕಿರುಚಾಟ ಕೇಳಿಯೇ ತೀರ್ಪು ಕೊಟ್ಟ.

"ಕಂಪ್ರೆಸರ್ ಅಯಿಪೋಯಿಂದಿ ಅಣ್ಣಾ. ಕಥಿ ಮುಗೀತು. ಹೈದರಾಬಾದಿಂದ ಬ್ಯಾರೇದು ತರಸಬೇಕು."

ಅತ್ತೆ ಸೊಸೆ ಎದುರಿನ ಸೋಡಾ ಅಂಗಡಿಯ ನೆರಳಿಗೆ ಹೋದರು. ಸಾಯಿಕುಮಾರ್ ಕಂಪ್ರೆಸರ್ ಬಿಚ್ಚಲು ಕೈಹಾಕಿದ. ಜಿಡ್ಡಿಗೆ ಕೈ ಜಾರಿತು. ಬೈದುಕೊಂಡು ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಅದರ ಮುಖವನ್ನೂ ಸಂದನ್ನೂ ತಿಕ್ಕಿದ. ಬಟ್ಟೆ ಕೆಂಪಾಯಿತು. ಅವನು ಗಾಬರಿಯಿಂದ ತನ್ನ ಬೆರಳು ನೋಡಿಕೊಂಡ. ಪರಮೇಶ ಸೋಡಾ ಕುಡಿಯುತ್ತಿದ್ದ ತಾಯಿಯನ್ನು ನೋಡಿದ. ಆ ದುಂಡು ಮುಖ ತನ್ನ ಹಿಂದೆ ತಿರುಗುವ ಗಾಲಿಯನ್ನು ಅಯಸ್ಕಾಂತದಂತೆ ಕಚ್ಚಿ ಹಿಡಿದರೆ ಮಾತ್ರ ತಂಪು. ನಡುವೆ ಎಣ್ಣೆ ಇಳಿದು ಹಿಡಿತ ಜಾರಿತ್ತು, ಅಷ್ಟೇ. ಸ್ವಿಚ್ ಒತ್ತಿದಾಗ ಟಕ್ಕೆಂದಿತು, ಕಾರಿನೊಳಗೆ ಚಳಿಗಾಲ ಶುರುವಾಯಿತು. ಸಾಯಿಕುಮಾರನಿಗೆ ಇದರಿಂದ ಬಹಳ ಬೇಸರವಾಯಿತು.

"ಅವನ ಕೈಯೆಲ್ಲಾ ಕೆಂಪಾಗ್ಯಾವಲ್ರಿ, ಏನದು?" ಎಂದು ವಾಪಸು ಬಂದ ಬಸವೇಶ್ವರಿ ಕೇಳಿದಳು.

ನಿಜ ಹೇಳಿದ್ದರೆ ಆ ಎಣ್ಣೆಯ ಮಾತು ಅಡುಗೆಮನೆಯಲ್ಲಿ ಅತ್ತೆಯ ಜೀವಮಾನವಿಡೀ ನಡೆಯುತ್ತಿತ್ತು. ಪರಮೇಶನಿಗೆ ತಾಯಿಯ ಮೇಲೆ ಕನಿಕರ ಬಂತು.

"ಅವ್ವ ಹಚ್ಚಿದ ಕುಂಕುಮ. ಮೆಕ್ಯಾನಿಕ್ ಕೈ ಬಿಟ್ಟಿದ್ದ. ಅದರ ಪುಣ್ಯದಿಂದ ತಾನೇ ಚಾಲೂ ಆತು ನೋಡು" ಎಂದ.

ಚನ್ನವೀರಮ್ಮ ತಮಗೆ ಇದು ಮೊದಲೇ ಗೊತ್ತಿತ್ತು ಎಂಬಂತೆ ಸೆರಗು ಸರಿಮಾಡಿಕೊಂಡರು. ತಾಯಿಗೆ ಇನ್ನೊಂದು ದಿನ ಮೆಲ್ಲಗೆ ತಿಳಿಸಿ ಹೇಳಿದರಾಯಿತು ಎಂದುಕೊಂಡು ಪರಮೇಶ ಗಾಡಿ ಬಿಟ್ಟ.

ಜುರಾಲ ಅಣೆಕಟ್ಟಿನ ಹತ್ತಿರ ಬಸವೇಶ್ವರಿ ಚಳಿಗೆ ಸೆರಗು ಹೊದ್ದುಕೊಂಡಳು. ರಾಯಚೂರಿನವನಿಗೆ ಬೇಡವೆಂದು ಹೇಳಿಬಿಡೋಣ, ಆದರೆ ಮನೆ ಮುಟ್ಟಿದ ಮೇಲೆ ಎಂದಳು. ಗದ್ವಾಲದಲ್ಲಿ ಬೀಗರೆಲ್ಲ ಸರದಿಯಂತೆ ಕಾರಿನಲ್ಲಿ ಕೂತು ತಂಪು ಮಾಡಿಕೊಂಡು ಹೋದರು. ಗಂಡಿನ ಮುಖಕ್ಕಿಂತ ಕಾರಿನ ತಂಪೇ ಹೆಚ್ಚು ಮಾತಿಗೆ ಬಂತು. ಪರಮೇಶ ನೆಮ್ಮದಿಯಾಗಿ ಕೂತು ಮತ್ತೆ ಮತ್ತೆ ಹೋಳಿಗೆ ಹಾಕಿಸಿಕೊಂಡ. ತನ್ನ ಮದುವೆಯ ಊಟವೂ ಅವನಿಗೆ ಅಷ್ಟು ರುಚಿಸಿರಲಿಲ್ಲ.

ವಾಪಸು ಹೊರಟು ಸ್ವಿಚ್ ಒತ್ತಿದರೆ ಅದೇ ಹಂದಿ.

ಪರಮೇಶ ಇಳಿದು ಬಾನೆಟ್ ಎತ್ತಿದ. ಕಂಪ್ರೆಸರಿನ ಮುಖ ಕಾಣದಷ್ಟು ಕುಂಕುಮ ಮೆತ್ತಿತ್ತು. ಎಣ್ಣೆ ಸಂದಿನೊಳಗಿಂದ ತೊಟ್ಟಿಕ್ಕುತ್ತಿತ್ತು.

"ನಾನೇ ಹಚ್ಚೀನ್ರಿ" ಎಂದಳು ಹಿಂದೆ ಬಂದು ನಿಂತ ಬಸವೇಶ್ವರಿ, ಸ್ವಲ್ಪ ನಾಚಿಕೊಂಡು. "ನೀವು ಉಣ್ಣಾಕ ಕುಂತಾಗ ಅತ್ತಿ ಜಾಗ ತೋರಿಸಿದ್ರು. ಅವರೊಬ್ಬರು ಹಚ್ಚಿದ್ದಕ್ಕ ಅಷ್ಟು ತಂಪಾದ್ರ, ಇಬ್ಬರೂ ಹಚ್ಚಿದ್ರ ಹೆಂಗಿರತೈತಿ ಅಂತ."

ಸಾರಿನ ಉಪ್ಪಿನಿಂದ ಹಿಡಿದು ಬಾಗಿಲ ರಂಗೋಲಿಯವರೆಗೆ ಯಾವುದರಲ್ಲೂ ಒಂದಾಗದ ಅತ್ತೆ ಸೊಸೆ ಅವನ ಎದುರು ಕೈ ಕೈ ಹಿಡಿದು ನಿಂತಿದ್ದರು. ಇದಕ್ಕಾಗಿ ಅವನು ದೇವರಿಗೆ ಹರಕೆ ಹೊತ್ತದ್ದೂ ಉಂಟು. ಡಿಕ್ಕಿಯಿಂದ ಒಂದು ಬಟ್ಟೆ ತಂದು ಕಂಪ್ರೆಸರಿನ ಕಡೆ ಬಗ್ಗಿದ.

"ಅಳಸಬ್ಯಾಡ್ರಿ" ಎಂದು ಬಸವೇಶ್ವರಿ ಅವನ ಕೈ ಹಿಡಿದಳು. "ಅದರಿಂದಾನೇ ನಡೀತೈತಂತ ನೀವೇ ಹೇಳೀರಿ."

ಪರಮೇಶ ಬಾಯಿ ತೆರೆದ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಬಾಯಿ ಮುಚ್ಚಿ ಬಾನೆಟ್ಟನ್ನೂ ಮುಚ್ಚಿದ.

ಮಕ್ತಲ್ ಬರುವಷ್ಟರಲ್ಲಿ ರೇಷ್ಮೆ ಸೀರೆ ಬೆನ್ನಿಗೆ ಅಂಟಿತ್ತು. ಬಸವೇಶ್ವರಿ ಫೋನ್ ತೆಗೆದಳು. ತನಗೂ ಈಗ ಮಾರಲು ಮನಸ್ಸಿಲ್ಲ, ಆದರೆ ಆಡಿದ ಮಾತು ಆಡಿದ್ದೇ ಎಂದಳು, ಮತ್ತು ಅವಳ ಕಣ್ಣಲ್ಲಿ ನೀರಿತ್ತು. ರಾಯಚೂರಿನವನು ಮೊದಲ ರಿಂಗಿಗೇ ಎತ್ತಿ, ಎ.ಸಿ. ಹೇಗಿದೆ ಎಂದು ಕೇಳಿದ.

"ಅದರ ಚಿಂತಿ ಬಿಡ್ರಿ" ಎಂದಳು ಬಸವೇಶ್ವರಿ. "ನಿಮಗ ಕೊಡೂ ಮುಂದ ನಮ್ಮ ಅತ್ತಿಯವರು, ನಾನು ಸೇರಿ ಚೊಲೋತ್ನಾಗ ಪೂಜಾ ಮಾಡಿ ಕೊಡ್ತೀವಿ."

ಹಿಂದಿನ ಸೀಟಿನಿಂದ ಚನ್ನವೀರಮ್ಮ ಎಣ್ಣೆ ಇನ್ನೂ ಇದೆ ಎಂದರು. ಪರಮೇಶ ಕಿಟಕಿಯ ಗಾಜು ಇಳಿಸಿದ.