ಹೆಜ್ಜೆ ತಪ್ಪುವ ಮೋಟಾರು

ಸ್ವಂತ ಕೈಯಿಂದ ಯಂತ್ರ ಮಾಡಿಟ್ಟುಕೊಂಡವನಿಗೆ ವಾರಕ್ಕೊಮ್ಮೆಯಾದರೂ ಪೇಚಿಗೆ ಸಿಕ್ಕಿಕೊಳ್ಳುವ ಯೋಗ ತಪ್ಪಿದ್ದಲ್ಲ. ಕೊಳ್ಳೇಗಾಲದಲ್ಲಿ ನನ್ನದು ಟಿ.ವಿ. ರಿಪೇರಿ ಅಂಗಡಿ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಹಳೇ ಪ್ರಿಂಟರುಗಳ ಮೋಟಾರು ಬಿಚ್ಚಿ, ಕಂಪ್ಯೂಟರ್ ಹೇಳಿದಂತೆ ಮರದ ಮೇಲೆ ಅಕ್ಷರ ಕೊರೆಯುವ ಸಿ.ಎನ್.ಸಿ. ಯಂತ್ರ ಮಾಡಲು ಹೊರಟೆ. ಮರಗೆಲಸಕ್ಕೆ ಪಕ್ಕದ ಬೀದಿಯ ಆಚಾರಿ ಜೊತೆಯಾದರು.

ಈ ಮೋಟಾರು ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾ ತಿರುಗುತ್ತದೆ. ಕಂಪ್ಯೂಟರ್ ನೂರು ಹೆಜ್ಜೆ ಹಾಕು ಅಂದರೆ ಕೆಲವು ಸಲ ತೊಂಬತ್ತೆಂಟು ಹಾಕಿ ಸುಮ್ಮನಾಗುತ್ತದೆ. ಎರಡು ಬಾಕಿ ಇದೆ ಅಂತ ವಾಪಸು ಹೇಳುವ ಅಭ್ಯಾಸ ಅದಕ್ಕಿಲ್ಲ. ನಮ್ಮ ಕಷ್ಟವೆಲ್ಲ ಅಲ್ಲೇ.

೧. ಕೂಡದ ಚಕ್ರ

ಮೊದಲ ದಿನ ಚಕ್ರ ಕೊರೆಸಿದೆ. ಹೊರಟ ಜಾಗಕ್ಕೂ ಬಂದು ನಿಂತ ಜಾಗಕ್ಕೂ ಒಂದು ಬೆರಳು ಅಂತರ. ಲೆಕ್ಕದಲ್ಲಿ ತಪ್ಪಿರಬೇಕು ಅಂತ ಮೂರು ದಿನ ಕಂಪ್ಯೂಟರ್ ಮುಂದೆ ಕೂತು ಎಲ್ಲ ಅಂಕಿ ತಿದ್ದಿದೆ. ಚಕ್ರ ಕಡುಬಾಯಿತು, ಆಮೇಲೆ ಬದನೆಕಾಯಾಯಿತು.

ನಾಲ್ಕನೇ ದಿನ ಆಚಾರಿ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದರು. ಮೋಟಾರಿಗೂ ಉಳಿಯನ್ನು ಸರಿಸುವ ಕಬ್ಬಿಣದ ರಾಡಿಗೂ ನಡುವೆ ನಾನು ರಬ್ಬರ್ ಪೈಪಿನ ತುಂಡು ಸಿಕ್ಕಿಸಿದ್ದೆ. ಅದನ್ನು ಬೆರಳಲ್ಲಿ ಮುಟ್ಟಿ ಹೇಳಿದರು: “ಸಾ, ಮೋಟ್ರು ತಿರುಗ್ತಾ ಅದೆ. ರಾಡು ಇನ್ನೂ ಯೋಚ್ನೆ ಮಾಡ್ತಾ ಅದೆ.”

೨. ತುಂಬಿದ ಗಾಡಿ

ಪೈಪನ್ನು ಕ್ಲಿಪ್ ಹಾಕಿ ಬಿಗಿದ ಮೇಲೆ ಚಕ್ರ ಕೂಡಿತು. ಆಗ ಬಂಡಳ್ಳಿಯ ರೈತರೊಬ್ಬರು ತಮ್ಮ ಟ್ರ್ಯಾಕ್ಟರ್ ಟ್ರೈಲರಿಗೆ ಮಗಳ ಹೆಸರಿನ ಹಲಗೆ ಬೇಕೆಂದು ಬಂದರು. ಕೊರೆದರೆ ಒಂದೊಂದು ಅಕ್ಷರವೂ ಹಿಂದಿನದಕ್ಕಿಂತ ಮೇಲೆ. ಹೆಸರು ಬೆಟ್ಟ ಹತ್ತುವಂತಿತ್ತು.

ನಾನು ತಲೆ ಕೆರೆದುಕೊಳ್ಳುವುದನ್ನು ನೋಡಿ ರೈತರು ಕೇಳಿದರು, “ಸಾ, ಇದು ಒಂಡೋವಾಗ್ಲೇ ಇಷ್ಟು ಜೋರಾಗಿ ಒಂಟದಾ?”

“ಹೌದು, ಬೇಗ ಮುಗೀಲಿ ಅಂತ.”

“ತುಂಬಿದ ಗಾಡಿ ಎತ್ಗಳ್ನ ಒಂದೇ ಸಲ ಒಡುದ್ರೆ ಕಾಲು ಜಾರ್ತವೆ ಕಣ್ರಿ. ಮೆಲ್ಲಗೆ ಎಬ್ಬುಸ್ಬೇಕು, ಆಮ್ಯಾಲೆ ಓಡುಸ್ಬೇಕು.”

ಮೋಟಾರು ನಿಧಾನವಾಗಿ ಹೊರಟು ಆಮೇಲೆ ವೇಗ ಹಿಡಿಯುವಂತೆ ಬದಲಾಯಿಸಿದೆ. ಎರಡನೇ ಹಲಗೆಯಲ್ಲಿ ಅಕ್ಷರಗಳು ದಾರ ಹಿಡಿದಂತೆ ನೇರ ಬಂದವು. ಹೆಮ್ಮೆಯಿಂದ ಅವರ ಕೈಗಿಟ್ಟೆ. ಅವರು ಎರಡನ್ನೂ ತಿರುಗಿಸಿ ನೋಡಿ, ಮೊದಲಿನದನ್ನೇ ಕಂಕುಳಲ್ಲಿ ಇಟ್ಟುಕೊಂಡರು.

“ಓರೇದೇ ಇರ್ಲಿ ಸಾ. ಇಳಿಜಾರ್ನಲ್ಲಿ ಓಗುವಾಗ ನ್ಯಾರ ಕಾಣ್ತದೆ.”

೩. ಚಟ್ನಿ

ಅಂಗಡಿಯ ಹಿಂದೆಯೇ ನಮ್ಮ ಮನೆ. ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಯಂತ್ರ ಒಂದು ಸಲ ಎಡವುತ್ತಿತ್ತು. ವಾರವಿಡೀ ಕಾದು ನೋಡಿದ ಮೇಲೆ ಗೊತ್ತಾಯಿತು, ಅದು ಮಿಕ್ಸಿ ಹಾಕಿ ಕರೆಂಟು ಕುಗ್ಗುವ ಹೊತ್ತು. ಅಡಿಗೆಮನೆಗೆ ಓಡಿ, “ಮಿಕ್ಸಿ ನಿಲ್ಲಿಸು, ಅಕ್ಷರ ಕೆಡ್ತಿದೆ” ಎಂದೆ.

“ಅಕ್ಷರ ನಿಲ್ಸಿ, ಚಟ್ನಿ ಕೆಡ್ತದೆ” ಎಂದಳು ಹೆಂಡತಿ.

ಯಂತ್ರಕ್ಕೆ ಅವತ್ತೇ ಬೇರೆ ವೈರು ಎಳೆದೆ.

೪. ಮೇಷ್ಟ್ರ ಹಲಗೆ

ಇಷ್ಟಾದ ಮೇಲೆ ಯಳಂದೂರಿನಿಂದ ನನಗೆ ಕನ್ನಡ ಕಲಿಸಿದ ಮೇಷ್ಟ್ರು ಬಂದರು. ನಾಡಿದ್ದು ಅವರ ಹೊಸ ಮನೆಯ ಗೃಹಪ್ರವೇಶ. ಜೋಪಾನವಾಗಿ ಇಟ್ಟುಕೊಂಡಿದ್ದ ತೇಗದ ಹಲಗೆ ತಂದಿದ್ದರು. “ಇರೋದು ಇದೊಂದೇ ಕಣಯ್ಯ. ವಿದ್ಯಾನಿಲಯ ಅಂತ ಬರಿ” ಅಂದು ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತರು.

ಕೆಲಸ ಮೂರು ಗಂಟೆ ಹಿಡಿಯಿತು. ಒಂದು ಹೆಜ್ಜೆ ತಪ್ಪಿದರೂ ಹಲಗೆ ಹೋಯಿತು, ಮೇಷ್ಟ್ರ ಮುಂದೆ ಮಾನವೂ ಹೋಯಿತು. ಕೊನೆಗೆ ಉಳಿ ಮೇಲೆದ್ದು, ಹೊರಟ ಜಾಗಕ್ಕೆ ವಾಪಸು ಬಂದು, ನಾನು ಪೆನ್ಸಿಲಿನಲ್ಲಿ ಇಟ್ಟಿದ್ದ ಚುಕ್ಕೆಯ ಮೇಲೇ ನಿಂತಿತು. ಉಸಿರು ಬಿಟ್ಟೆ.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. “ತಪ್ಪಿದೆಯಲ್ಲಯ್ಯ.”

ಸ್ಕೇಲು ಹಿಡಿದು ಅಕ್ಷರ ಅಕ್ಷರ ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಅಳತೆ ಅಲ್ಲ, ಕಾಗುಣಿತ. ದ ಬರೆಯೋ ಕಡೆ ಧ ಬರೆದಿದ್ದೀಯ. ವಿದ್ಯೆಯ ಹೊಕ್ಕುಳು ಸೀಳಿಬಿಟ್ಟೆಯಲ್ಲ.”

ಕಂಪ್ಯೂಟರ್ ಪರದೆ ನೋಡಿದೆ. ‘ವಿಧ್ಯಾನಿಲಯ’ ಅಂತಲೇ ಇತ್ತು. ಟೈಪ್ ಮಾಡಿದವನು ನಾನೇ. ಯಂತ್ರ ನಾನು ಹೇಳಿದ್ದನ್ನು ಹೇಳಿದ ಹಾಗೇ ಕೊರೆದಿತ್ತು. “ಆಚಾರ್ರೇ, ತಪ್ಪು ನನ್ನದು, ಮೋಟಾರಿನದಲ್ಲ” ಅಂತ ಅವರನ್ನು ತಬ್ಬಿಕೊಂಡೆ. ಅವರೂ ನನ್ನ ಬೆನ್ನು ತಟ್ಟಿದರು. ಇಬ್ಬರೂ ಅಂಗಡಿಯಲ್ಲೇ ಒಂದು ಸುತ್ತು ಕುಣಿದೆವು.

“ಒಕ್ಳು ಒಲ್ದುಬುಡ್ತೀನಿ ಬುಡಿ ಮೇಷ್ಟ್ರೇ” ಎಂದು ಆಚಾರಿ ಅದೇ ತೇಗದ ಪುಡಿಯನ್ನು ಅಂಟಿನಲ್ಲಿ ಕಲಸಿ, ಧ ಅಕ್ಷರದ ಸೀಳನ್ನು ಮುಚ್ಚಿ ಉಜ್ಜಿದರು. ಹುಡುಕಿದರೂ ಗುರುತು ಸಿಗದಂತೆ ಅದು ದ ಆಯಿತು.

ಮೇಷ್ಟ್ರು ಹಲಗೆಯನ್ನು ಪಂಚೆಯಲ್ಲಿ ಸುತ್ತಿಕೊಂಡು ಎದ್ದರು. ಬಾಗಿಲ ತನಕ ಹೋಗಿ, ಇನ್ನೂ ಹಲ್ಲು ಬಿಡುತ್ತಿದ್ದ ನನ್ನನ್ನು ನಿಂತು ನೋಡಿದರು.

“ಇಡೀ ಜೀವಮಾನ ಪಾಠ ಮಾಡಿದೆ ಕಣಯ್ಯ. ಕಾಗುಣಿತ ತಪ್ಪಿದ್ದಕ್ಕೆ ಅತ್ತೋರನ್ನ ನೋಡಿದ್ದೀನಿ. ಕುಣಿದೋನು ನೀನೊಬ್ಬನೇ.”