ಟವೆಲಿನ ಕೆಳಗಿನ ಪಾಸ್‌ವರ್ಡು

ಗುಟ್ಟು ಕಾಪಾಡುವುದರಲ್ಲಿ ನಮ್ಮ ವಂಶವನ್ನು ಮೀರಿಸಿದವರಿಲ್ಲ ಎಂದು ಮೊನ್ನೆಮೊನ್ನೆಯವರೆಗೂ ನಾನು ಮೀಸೆ ತಿರುವುತ್ತಿದ್ದೆ. ನಮ್ಮಪ್ಪ ಎತ್ತು ಕೊಳ್ಳಲಿ, ಕೊಬ್ಬರಿ ಕೊಳ್ಳಲಿ, ದರವನ್ನು ಬಾಯಲ್ಲಿ ಆಡಿದವರೇ ಅಲ್ಲ. ಎದುರಿನವನ ಕೈಮೇಲೆ ಟವೆಲು ಮುಚ್ಚಿ, ಅದರೊಳಗೆ ದರದ ಅಂಕಿಗೆ ತಕ್ಕಷ್ಟು ಬೆರಳು ಹಿಡಿದು ಅದುಮಿ ವ್ಯಾಪಾರ ಮುಗಿಸುತ್ತಿದ್ದರು. ಸುತ್ತ ನಿಂತವರಿಗೆ ಟವೆಲು ಮಿಸುಕಾಡಿದ್ದು ಕಾಣುತ್ತಿತ್ತೇ ಹೊರತು ಇನ್ನೇನೂ ತಿಳಿಯುತ್ತಿರಲಿಲ್ಲ. ಅಂಥವರ ಮಗನಾದ ನಾನು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದೇನೆ. ಈಗ ರೈತರ ಕೊಬ್ಬರಿ ಕೊಳ್ಳಲು ಟೆಂಡರಿನ ದರವನ್ನು ಕಂಪ್ಯೂಟರಿನಲ್ಲೇ ಹಾಕಬೇಕಾದ್ದರಿಂದ ವ್ಯಾಪಾರಕ್ಕೆಂದೇ ಒಂದು ಲ್ಯಾಪ್‌ಟಾಪ್ ತಂದೆ.

“ಬೆರಳು ಇಡಿ ಸಾಕು ರಾಜಣ್ಣ, ತಾನೇ ತೆರ್ಕೊಳ್ತದೆ” ಎಂದ ಕಂಪ್ಯೂಟರ್ ರಿಪೇರಿಯ ಲೋಕೇಶ. ಇಟ್ಟೆ. ಕಾಯಿ ಸುಲಿದು ಸುಲಿದು ಗೆರೆಯೆಲ್ಲ ಸವೆದ ನನ್ನ ಬೆರಳನ್ನು ಅದು ಬೆರಳೆಂದೇ ಒಪ್ಪಲಿಲ್ಲ. ಹೆಬ್ಬೆರಳು, ಕಿರುಬೆರಳು ಎಲ್ಲ ಮುಗಿದ ಮೇಲೆ ಸಿಟ್ಟಿನಲ್ಲಿ ಮೊಣಕೈಯನ್ನೂ ಒತ್ತಿ ನೋಡಿದೆ. ಊಹೂಂ! ಕೊನೆಗೆ ಅಂಕಿಗಳದೇ ಒಂದು ಉದ್ದನೆಯ ಪಾಸ್‌ವರ್ಡು ಹೊಸೆದೆ. ನನ್ನ ಹೆಂಡತಿ ಗಿರಿಜೆಗೂ ಹೇಳಲಿಲ್ಲ. ಎದುರು ಮಂಡಿಯ ಮಹದೇವಣ್ಣ ನನ್ನ ಬಾಲ್ಯದ ಗೆಳೆಯ, ವ್ಯಾಪಾರದಲ್ಲಿ ಶತ್ರು. ಅವನ ಕಣ್ಣು ತಪ್ಪಿಸಲು ಹೆಗಲ ಟವೆಲನ್ನು ಲ್ಯಾಪ್‌ಟಾಪಿನ ಮೇಲೆ ಹರಡಿ, ಒಳಗೆ ಕೈ ತೂರಿಸಿ ಪಾಸ್‌ವರ್ಡನ್ನೂ ದರವನ್ನೂ ಒತ್ತತೊಡಗಿದೆ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಇಷ್ಟಾದರೂ ಪ್ರತಿ ಟೆಂಡರಿನಲ್ಲೂ ಮಹದೇವಣ್ಣನ ದರ ನನ್ನದಕ್ಕಿಂತ ಕೂದಲೆಳೆಯಷ್ಟು ಮೇಲೆ, ಮಾಲೆಲ್ಲ ಅವನ ಪಾಲು! ಒಳಗೆ ವೈರಸ್ ಸೇರಿಕೊಂಡು ಚಾಡಿ ಹೇಳುತ್ತಿರಬೇಕೆಂದು ಲೋಕೇಶನಿಂದ ಔಷಧದ ಸಾಫ್ಟ್‌ವೇರ್ ಹಾಕಿಸಿದೆ. ಸಾಲದೆಂದು ನಿಂಬೆಹಣ್ಣನ್ನೂ ನಿವಾಳಿಸಿದೆ.

ಹೀಗಿರುವಾಗ ಒಂದು ಟೆಂಡರಿನ ದಿನ ಬೆಳಗ್ಗೆ ಮಾಲು ಒಯ್ಯಲು ಬಾಗಿಲಲ್ಲಿ ಲಾರಿ ಬಂದು ನಿಂತಿತ್ತು. ಉತ್ತರದ ಕಡೆಯ ಹಳೇ ಗಿರಾಕಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಈ ಸಲವೂ ಮಾಲು ಕಳಿಸದಿದ್ದರೆ ಇನ್ನು ಮುಂದೆ ಮಹದೇವಣ್ಣನ ಹತ್ತಿರವೇ ಕೊಳ್ಳುತ್ತೇನೆ ಅಂತ. ನಾನು ಟವೆಲು ಹೊದಿಸಿ ಕೂತೆ. ಲ್ಯಾಪ್‌ಟಾಪು ಕೊಂಯ್ ಎಂದು ಕೂಗಿತು, ದೋಸೆಕಲ್ಲಿನಂತೆ ಕಾಯಿತು, ಕಣ್ಣು ಮುಚ್ಚಿತು.

“ಏನ್ಲಾ ರಾಜ, ಸತ್ತೋಯ್ತಾ? ಬುಡು, ಮುಂದ್ಲ ಟೆಂಡರ್‌ಗೆ ಹಾಕೀಯಂತೆ!” ಎಂದು ಎದುರಿನಿಂದ ಮಹದೇವಣ್ಣ ಸಂತಾಪ ಸೂಚಿಸಿದ. ಎಲಾ ಇವನ! ನಾನು ಲೋಕೇಶನಿಗೆ ಫೋನು ಮಾಡಿದೆ. ಅವನು ತುರುವೇಕೆರೆಯಲ್ಲಿ ಯಾರದೋ ಮದುವೆಯಲ್ಲಿದ್ದ. ಹಿಂದೆ ವಾಲಗ ಬಾಯಿ ಬಡಿದುಕೊಳ್ಳುತ್ತಿತ್ತು. “ಅಣ್ಣಾ, ವೈರ್ ಕಿತ್ತಾಕಿ, ಅಡೀಲಿರೋ ಮುಚ್ಳ ಬಿಚ್ಚಿ!” ಎಂದು ಅರಚಿದ. ಬಿಚ್ಚಿದೆ. ಫ್ಯಾನಿನ ಸುತ್ತ ಗುಬ್ಬಿಯೊಂದು ಸಂಸಾರ ಹೂಡುವಷ್ಟು ತೆಂಗಿನ ನಾರು, ಕೊಬ್ಬರಿ ಧೂಳು! ಲ್ಯಾಪ್‌ಟಾಪನ್ನು ಕೊಬ್ಬರಿ ಚೀಲದ ಮೇಲೆ ಕೂರಿಸಿ, ಮೇಲೆ ಟವೆಲು ಹೊದಿಸಿದರೆ ಅದಾದರೂ ಎಲ್ಲಿಂದ ಉಸಿರಾಡಬೇಕು? ನನ್ನ ಹಲ್ಲುಜ್ಜುವ ಬ್ರಷ್ಷಿನಿಂದಲೇ ಎಲ್ಲ ಗುಡಿಸಿದೆ. ಚೀಲ ಹೊರುವ ಹಮಾಲಿ ಕೆಂಪಯ್ಯ ಸೈಕಲ್ ಪಂಪು ತಂದು ಗಾಳಿ ಹೊಡೆದ. ಇಡೀ ಮಂಡಿ ಸೀನಿತು. ಮುಚ್ಚಳ ಹಾಕಿ ಗುಂಡಿ ಒತ್ತಿದೆ. ಬದುಕಿತು! ಖುಷಿಗೆ ಕೆಂಪಯ್ಯನನ್ನು ತಬ್ಬಿಕೊಂಡೆ.

“ಇನ್ಮೇಲೆ ಟವೆಲ್ ಹಾಕಿದ್ರೆ ಸುಟ್ಟೋಯ್ತದೆ ಅಷ್ಟೇ” ಎಂದು ಲೋಕೇಶ ಫೋನಿಟ್ಟು ಊಟದ ಪಂಕ್ತಿಗೆ ಹೋದ. ಆಗ ಶುರುವಾಯಿತು ನೋಡಿ ನನ್ನ ಪೀಕಲಾಟ. ಟವೆಲಿಲ್ಲದೆ ನನ್ನ ಬೆರಳುಗಳಿಗೆ ದಾರಿಯೇ ತಿಳಿಯುತ್ತಿಲ್ಲ. ಒತ್ತಿದೆ, ತಪ್ಪು. ಇನ್ನೊಮ್ಮೆ ಒತ್ತಿದೆ, ಅದೂ ತಪ್ಪು. ಇನ್ನೊಂದೇ ಅವಕಾಶ, ತಪ್ಪಿದರೆ ಬೀಗ ಎಂದು ಲ್ಯಾಪ್‌ಟಾಪು ಹೆದರಿಸಿತು. ಟೆಂಡರು ಮುಗಿಯುವ ಹೊತ್ತು ಹತ್ತಿರವಾಗುತ್ತಿತ್ತು. ಹಣೆಯ ಬೆವರು ಒರೆಸಿಕೊಳ್ಳುತ್ತಾ ಕೂತೆ. ಟವೆಲು ಆ ಕೆಲಸಕ್ಕಾದರೂ ಬಂತು.

ಕಾಫಿ ತಂದ ಗಿರಿಜೆ, “ದಿನಾ ಮಾಡ್ದಂಗೆ ಬಾಯಲ್ಲಿ ಹೇಳ್ಕೊಂಡು ಒತ್ರೀ” ಎಂದಳು.

“ನಾನೆಲ್ಲೇ ಬಾಯಲ್ಲಿ ಹೇಳ್ತೀನಿ?”

ಚೀಲ ಎತ್ತುತ್ತಿದ್ದ ಕೆಂಪಯ್ಯ ತಿರುಗಿಯೂ ನೋಡದೆ, “ಲಾಭ, ಎಂಟು, ಎಂಟು, ಮೂರು... ಮುಂದ್ಕೆ ಏನೋ ಐತೆ ಸಾವ್ಕಾರ್ರೆ” ಎಂದ.

“ಮೂರಾದ್ಮೇಲೆ ಸೊನ್ನೆ, ಆಮೇಲೆ ಏಳು ಕಣ್ಲಾ!” ಎಂದು ಎದುರಿನಿಂದ ಕೂಗಿದ ಮಹದೇವಣ್ಣ, ಕೂಗಿದ ಮೇಲೆ ನಾಲಗೆ ಕಚ್ಚಿಕೊಂಡ.

ನಮ್ಮ ಸೀಮೆಯಲ್ಲಿ ಕಾಯಿ ಎಣಿಸುವಾಗ ಕೊಡುವವನಿಗೂ ಕೊಳ್ಳುವವನಿಗೂ ಕೇಳಿಸುವಂತೆ ಗಟ್ಟಿಯಾಗಿ ಎಣಿಸಬೇಕು. ಮೊದಲನೆಯದನ್ನು ಒಂದು ಎನ್ನದೆ ಶುಭಕ್ಕೆಂದು ‘ಲಾಭ’ ಎನ್ನಬೇಕು. ಹುಟ್ಟಿದಾರಭ್ಯ ಕಾಯಿ ಎಣಿಸಿದ ಬಾಯಿ ಇದು. ಅಂಕಿ ಒತ್ತಿದಾಗಲೆಲ್ಲ ತಾನಾಗಿ ರಾಗ ಎಳೆಯುತ್ತಿತ್ತು, ನನಗೇ ಗೊತ್ತಿಲ್ಲದೆ! ಕೈಗೆ ಟವೆಲು ಮುಚ್ಚಿದ ಬುದ್ಧಿವಂತನಾದ ನಾನು ಬಾಯಿ ಮುಚ್ಚುವುದನ್ನು ಮರೆತಿದ್ದೆ. ಪಾಪ, ವೈರಸ್ಸಿನ ಮೇಲೆ ಸುಮ್ಮನೆ ಅನುಮಾನಪಟ್ಟೆ.

ಎಲ್ಲರೂ ಹೇಳಿಕೊಟ್ಟಂತೆ ಒತ್ತಿದೆ. ತೆರೆಯಿತು. ಇನ್ನು ದರ ಹಾಕಬೇಕು. ಮಹದೇವಣ್ಣ ತನ್ನ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು, ಕಿವಿಯನ್ನು ನನ್ನ ಕಡೆಗಿಟ್ಟು ಕಾಯುತ್ತಿದ್ದ. ಗಿರಿಜೆ ಅದನ್ನು ಕಂಡವಳೇ ದೊಡ್ಡದೊಂದು ಕೊಬ್ಬರಿ ಹೋಳು ಮುರಿದು ಬೆಲ್ಲದ ಸಮೇತ ನನ್ನ ಬಾಯಿಗೆ ತುರುಕಿದಳು. “ಅಗೀತಾ ಒತ್ರೀ!” ನಾನು ಗಬಗಬ ಅಗಿಯುತ್ತಾ ದರ ಒತ್ತಿದೆ. ಬಾಯಿಂದ ಬಂದದ್ದು ಬೆಲ್ಲದ ರಸ ಒಂದೇ. ಮಾಲು ನನಗೇ ಬಂತು! ಲಾರಿ ಹಾರ್ನ್ ಹೊಡೆಯುತ್ತಾ ಹೊರಟಾಗ ನಾನು ಕುಣಿದದ್ದನ್ನು ಇಡೀ ಬೀದಿ ನೋಡಿತು.

ಅಂದೇ ಬಾಯಿತುಂಬ ಕೊಬ್ಬರಿ ತುಂಬಿಕೊಂಡು ಹೊಸ ಪಾಸ್‌ವರ್ಡು ಹಾಕಿದೆ. ಆದರೆ ಮರೆತರೆ ನೆನಪಿಸಲು ಈಗ ಊರವರಿಲ್ಲವಲ್ಲ! ಒಬ್ಬರಿಗಾದರೂ ಹೇಳಿಡಬೇಕು. ಗಿರಿಜೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಮೇಲೆ ಟವೆಲು ಮುಚ್ಚಿ, ಅಪ್ಪನ ಪದ್ಧತಿಯಂತೆ ಬೆರಳು ಹಿಡಿದೆ. ಅವಳು ನಾಚಿ ಕೆಂಪಾದಳು. “ಥೂ, ಬೀದೀಲಿ ಏನ್ರೀ ಇದು!” ಪಾಸ್‌ವರ್ಡು ಕಣೇ ಎಂದು ಪಿಸುಗುಟ್ಟಿ, ಅವಳ ಒಂದು ಬೆರಳನ್ನು ಮೆಲ್ಲಗೆ ಅದುಮಿದೆ.

ಅವಳೂ ಮಾಯಸಂದ್ರದ ತೆಂಗಿನ ತೋಟದವರ ಮಗಳು ಎಂಬುದು ನನಗೆ ನೆನಪಿರಬೇಕಿತ್ತು.

“ಲಾಭ!” ಎಂದಳು, ಬೀದಿಗೆಲ್ಲ ಕೇಳಿಸುವಂತೆ.